ಸದಸ್ಯ ನಲವತ್ತೇಳರ ಪೆನ್ಸಿಲ್

ಡೊಂಬಿವಲಿ ಪೂರ್ವ
೬ ಸೆಪ್ಟೆಂಬರ್ ೧೯೮೨

ಸದಸ್ಯ ಸಂಖ್ಯೆ ೪೭, ಶ್ರೀ ಸೈದಪ್ಪ ಅವರಿಗೆ,

ಮಾನ್ಯರೇ,

ಕಲ್ಯಾಣದ ನಮ್ಮ ಸಂಘದ ಗ್ರಂಥಾಲಯದ ಹದಿನಾಲ್ಕು ಪುಸ್ತಕಗಳಲ್ಲಿ ಪೆನ್ಸಿಲ್ ಗುರುತುಗಳು ಕಂಡುಬಂದಿವೆ. ಪ್ರತಿಯೊಂದರ ಹಿಂದೆ ಅಂಟಿಸಿದ ಚೀಟಿಯನ್ನೂ ಪರಿಶೀಲಿಸಿದ್ದೇನೆ. ಹದಿನಾಲ್ಕರಲ್ಲೂ ಇರುವ ಹೆಸರು ನಿಮ್ಮದೊಂದೇ. ಗ್ರಂಥಪಾಲಕ ಪುಂಡರೀಕಾಕ್ಷ ರಾಯರ ರಿಜಿಸ್ಟರಿನಲ್ಲಿ ನಿಮ್ಮ ಶಹಾಡಿನ ವಿಳಾಸ ನೋಡಿಕೊಂಡು ಈ ಪತ್ರ ಬರೆಯುತ್ತಿದ್ದೇನೆ.

ನಾನು ಎಂ.ಎ. ಕನ್ನಡ ಎರಡನೇ ವರ್ಷದವಳು. ದಿನಾ ಕುರ್ಲಾದವರೆಗೆ ಲೋಕಲ್, ಅಲ್ಲಿಂದ ಬಸ್ಸು, ಆಮೇಲೆ ಕ್ಲಾಸು. ಈ ವರ್ಷ ಒಂದು ಪ್ರಬಂಧ ಒಪ್ಪಿಸಬೇಕು. ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಒಂದು ಪುಸ್ತಕ ಓದುವಾಗ ಇನ್ನೊಂದನ್ನು ಹೇಗೆ ನೆನೆಸಿಕೊಳ್ಳುತ್ತಾರೆ, ಎರಡನ್ನೂ ಹೇಗೆ ಜೋಡಿಸಿಕೊಳ್ಳುತ್ತಾರೆ ಎಂಬುದು ವಿಷಯ. ಹನ್ನೆರಡು ಸಹಪಾಠಿಗಳನ್ನು ಕೇಳಿದೆ. ಹನ್ನೆರಡು ಜನರೂ ಗೈಡಿನಲ್ಲಿ ಅಚ್ಚಾದದ್ದನ್ನೇ ಒಪ್ಪಿಸಿದರು. ಇವರು ಇಂಥ ಪಂಥದವರು, ಅವರೂ ಅದೇ ಪಂಥದವರು, ಆದ್ದರಿಂದ ಎರಡೂ ಒಂದೇ ತರ. ನನಗೆ ಅಳು ಬರುವುದೊಂದು ಬಾಕಿ.

ಆಗ ಸಿಕ್ಕಿದ್ದು ನಿಮ್ಮ ಗುರುತು. ೨೧೪ನೇ ನಂಬರಿನ ಪ್ರವಾಸ ಕಥನದಲ್ಲಿ, ಅಣೆಕಟ್ಟಿಗೆ ಊರು ಮುಳುಗುವ ಹಿಂದಿನ ದಿನ ಮುದುಕನೊಬ್ಬ ಮನೆ ಗುಡಿಸಿ, ಸಾರಿಸಿ, ಬೀಗ ಹಾಕುತ್ತಾನೆ. ಪಕ್ಕದಲ್ಲಿ ಪೆನ್ಸಿಲ್ಲಿನಲ್ಲಿ: ‘೧೧೮, ಪುಟ ೬೩’. ನಾನು ೧೧೮ ತೆಗೆದು ನೋಡಿದೆ. ಅದೊಂದು ಕಾದಂಬರಿ. ಗಂಡನ ಮನೆ ಬಿಟ್ಟು ಹೊರಟ ಸೊಸೆ, ಹೊರಡುವ ಮೊದಲು ಮನೆಯ ಕೊಡಗಳನ್ನೆಲ್ಲ ತುಂಬಿಸಿಡುತ್ತಾಳೆ. ಅಟ್ಟದ ಏಣಿಯ ಮೇಲೆ ನಿಂತಿದ್ದೆ, ಅಲ್ಲೇ ಕೂತುಬಿಟ್ಟೆ. ಬಿಟ್ಟು ಹೋಗುವವರು ಯಾಕೆ ಮನೆಗೆಲಸ ಮುಗಿಸಿ ಹೋಗುತ್ತಾರೆ? ಎರಡು ವರ್ಷದ ಪಾಠದಲ್ಲಿ ಯಾರೂ ಕೇಳದ ಪ್ರಶ್ನೆ ಇದು.

ಗುರುತುಗಳು ನಿಮ್ಮವೆಂದು ನನಗೆ ಖಾತ್ರಿಯಾಗಿದೆ. ಯಾವಾಗ, ಹೇಗೆ, ಯಾಕೆ ಹಾಕಿದಿರಿ ಎಂದು ವಿವರವಾಗಿ ಬರೆದು ತಿಳಿಸಬೇಕು.

ವಂದನೆಗಳೊಂದಿಗೆ,
ಜಯಲತಾ ಸಾಲಿಯಾನ್


ಶಹಾಡ್
೧೧ ಸೆಪ್ಟೆಂಬರ್ ೧೯೮೨

ಮಾನ್ಯ ಕಾರ್ಯದರ್ಶಿಯವರ ಸನ್ನಿಧಿಗೆ,

ಸಂಘದ ಮುದ್ರೆಯಿರುವ ತಮ್ಮ ನೋಟಿಸು ತಲುಪಿತು. ಸದಸ್ಯ ಸಂಖ್ಯೆ ೪೭ರ ಸೈದಪ್ಪನಾದ ನಾನು ತಿಳಿಸುವುದೇನೆಂದರೆ, ಪುಸ್ತಕದಲ್ಲಿ ಬರೆದವರ ಸದಸ್ಯತ್ವ ರದ್ದು ಎಂಬ ಬೋರ್ಡನ್ನು ನಾನು ಪ್ರತಿ ಭಾನುವಾರ ಓದಿಯೇ ಒಳಗೆ ಬರುತ್ತೇನೆ. ನನ್ನ ಖೋಲಿಯಲ್ಲಿ ಪೆನ್ಸಿಲ್ ಇಲ್ಲ. ಒಂದು ಇತ್ತು, ಅದನ್ನು ಇಲಿ ತಿಂದಿದೆ. ಗುರುತುಗಳು ನನಗಿಂತ ಮೊದಲಿನವರದೋ, ಆಮೇಲಿನವರದೋ ಇರಬಹುದು.

ತಮ್ಮ ನೋಟಿಸಿನ ಕೆಳಭಾಗದಲ್ಲಿ ಹೊಗಳಿಕೆಯೂ ಇದೆ. ನಮ್ಮ ಕಾರ್ಖಾನೆಯಲ್ಲಿ ಮೆಮೊ ಕೊಡುವ ಮೊದಲು ಸಾಹೇಬರು ಚಹಾ ಕುಡಿಸುತ್ತಾರೆ, ಆದ್ದರಿಂದ ನನಗೆ ಇದರ ಅಭ್ಯಾಸ ಉಂಟು.

ಕೈಮುಗಿದು ಕೇಳುವುದು ಒಂದೇ. ಸದಸ್ಯತ್ವ ತೆಗೆಯಬೇಡಿ. ಶಹಾಡಿನಿಂದ ಉಲ್ಹಾಸನಗರದವರೆಗೆ ಹುಡುಕಿದರೂ ಕನ್ನಡದ ಒಂದು ಪುಸ್ತಕ ಸಿಗುವುದಿಲ್ಲ. ನನ್ನ ಒಬ್ಬನ ಪ್ರಶ್ನೆಯಾಗಿದ್ದರೆ ಇಷ್ಟು ಬೇಡಿಕೊಳ್ಳುತ್ತಿರಲಿಲ್ಲ.

ತಮ್ಮ ವಿಧೇಯ,
ಸೈದಪ್ಪ


ಡೊಂಬಿವಲಿ
೧೫ ಸೆಪ್ಟೆಂಬರ್ ೧೯೮೨

ಸೈದಪ್ಪನವರೇ,

ನಿಮ್ಮ ಪತ್ರವನ್ನು ಲೇಡೀಸ್ ಡಬ್ಬಿಯಲ್ಲಿ ನಿಂತು ಓದಿದೆ. ಇಲಿಯ ವಿಷಯ ಬಂದಾಗ ಎಷ್ಟು ಜೋರಾಗಿ ನಕ್ಕೆನೆಂದರೆ, ಪಕ್ಕದಲ್ಲಿ ಬಟಾಣಿ ಸುಲಿಯುತ್ತಿದ್ದ ಮಾವಶಿ “ಕಾಯ್ ಗ, ಲಗ್ನ ಠರಲಂ ಕಾ?” ಎಂದು ಕೇಳಿದರು. ಮದುವೆ ಗೊತ್ತಾಗಿಲ್ಲ, ಒಬ್ಬ ಕಳ್ಳ ಸಿಕ್ಕಿದ್ದಾನೆ ಎಂದೆ.

ತಪ್ಪು ನನ್ನದು. ಆ ದಿನ ನನ್ನ ಹತ್ತಿರ ಕಾಗದ ಇರಲಿಲ್ಲ. ರಾಯರು ಸಂಘದ ಲೆಟರ್‌ಹೆಡ್ಡಿನ ಎರಡು ಹಾಳೆ ಕೊಟ್ಟರು. ಮೇಲಿದ್ದ ಮುದ್ರೆ ನೋಡಿ ನೀವು ಹೆದರಿದ್ದು ಸಹಜ. ನಾನು ಕಾರ್ಯದರ್ಶಿ ಅಲ್ಲ. ಸಂಘದಲ್ಲಿ ನನ್ನ ಸ್ಥಾನ ನೆಲದ ಮೇಲೆ, ಚಾಪೆ ಹಾಸಿಕೊಂಡು ಹಳೆಯ ಪುಸ್ತಕಗಳ ಪಟ್ಟಿ ಮಾಡುವುದು. ರಾಯರಿಗೆ ನಾನು ಒಂದಕ್ಷರ ಹೇಳಿಲ್ಲ.

ಈಗಲಾದರೂ ನಿಜ ಹೇಳಿ. ನೀವು ಯಾವ ಕಾಲೇಜು? ಉಲ್ಹಾಸನಗರದ್ದೇ ಇರಬೇಕು. ಕಾರ್ಖಾನೆಯಲ್ಲಿ ದುಡಿಯುತ್ತ ಎಕ್ಸ್‌ಟರ್ನಲ್ ಆಗಿ ಓದುತ್ತಿದ್ದೀರಿ ಎಂದುಕೊಂಡಿದ್ದೇನೆ. ನನ್ನ ಊಹೆ ಸರಿ ತಾನೇ?

ನನ್ನ ಓದಿನ ಗುಟ್ಟನ್ನೂ ಹೇಳುತ್ತೇನೆ, ಲೆಕ್ಕ ಸಮ ಆಗಲಿ. ಪಾರ್ಸಿಕ್ ಸುರಂಗದಲ್ಲಿ ನಮ್ಮ ಡಬ್ಬಿಯ ದೀಪ ಒಮ್ಮೊಮ್ಮೆ ಹತ್ತುವುದೇ ಇಲ್ಲ. ವಾಕ್ಯ ಅರ್ಧಕ್ಕೆ ನಿಲ್ಲುತ್ತದೆ. ಆ ಕತ್ತಲಲ್ಲಿ ಮುಂದಿನ ಅರ್ಧವನ್ನು ನಾನೇ ಕಟ್ಟುತ್ತೇನೆ, ಆದರೆ ಕಟ್ಟುವುದು ಮೊನ್ನೆ ಓದಿದ ಬೇರೆ ಪುಸ್ತಕದ ಮಾತುಗಳಿಂದ. ಬೆಳಕು ಬಂದ ಮೇಲೆ ನೋಡಿದರೆ ನನ್ನದೇ ಚೆನ್ನಾಗಿರುತ್ತದೆ. ಇದನ್ನು ಪ್ರಬಂಧದಲ್ಲಿ ಬರೆದರೆ ನೀಲಗಂಗಾ ಮೇಡಂ ಕೆಂಪು ಶಾಯಿಯಲ್ಲಿ ಅಡ್ಡಗೆರೆ ಎಳೆಯುತ್ತಾರೆ ಎಂದು ಭಯ. ಅವರು ನನ್ನ ಗೈಡು, ಧಾರವಾಡದವರು, ಭಾರೀ ಖಡಕ್ಕು.

ನಿಮ್ಮ,
ಜಯಲತಾ


ಶಹಾಡ್
೨೬ ಸೆಪ್ಟೆಂಬರ್ ೧೯೮೨

ಜಯಲತಾ ಬಾಯಿಯವರಿಗೆ,

ಪೆನ್ಸಿಲ್ ಇದೆ. ಇಲಿಯ ಮೇಲೆ ಸುಳ್ಳು ಹೊರಿಸಿದ್ದಕ್ಕೆ ಕ್ಷಮೆ ಇರಲಿ. ಗುರುತು ಹಾಕಿದ ಕೈ ನನ್ನದೇ. ಕಾಲೇಜಿನ ಮಾತು ಇನ್ನೊಮ್ಮೆ ಬರೆಯುತ್ತೇನೆ.

ನೀವು ಕೇಳಿದ್ದಕ್ಕೆ ಇನ್ನೂ ಒಂದು ಜೋಡಿ ಕೊಡುತ್ತೇನೆ. ೭೭ನೇ ನಂಬರಿನ ನಾಟಕದಲ್ಲಿ ಸೋತ ರಾಜ ಕಿರೀಟ ಇಳಿಸಿಟ್ಟು ಕಾಡಿಗೆ ಹೊರಡುತ್ತಾನೆ. ಬಾಗಿಲಲ್ಲಿ ನಿಂತು “ಕುದುರೆಗಳಿಗೆ ಹುಲ್ಲು ಹಾಕಿದ್ದಾರೆಯೇ?” ಎಂದು ಕೇಳುತ್ತಾನೆ. ಅವನನ್ನೂ ಆ ಸೊಸೆ, ಆ ಮುದುಕನ ಸಾಲಿನಲ್ಲೇ ಕೂಡಿಸಬೇಕು ಎಂದು ನಮಗೆ ಅನ್ನಿಸಿತು. ರಾಜನೆಂದು ಅವನಿಗೆ ಬೇರೆ ಮಣೆ ಹಾಕುವ ಕಾರಣವಿಲ್ಲ.

ನನ್ನದೂ ಒಂದು ಪ್ರಶ್ನೆ. ನಿಮ್ಮ ಕ್ಲಾಸಿನಲ್ಲಿ ಲೇಖಕರನ್ನು ಹುಟ್ಟಿದ ಇಸವಿಯ ಪ್ರಕಾರ ಸಾಲು ನಿಲ್ಲಿಸುತ್ತಾರಂತೆ, ಹೌದೇ? ನಮಗೆ ಯಾರು ಯಾವಾಗ ಹುಟ್ಟಿದರೆಂದು ಗೊತ್ತೇ ಆಗುವುದಿಲ್ಲ. ಅರ್ಧ ಪುಸ್ತಕಗಳ ಮೊದಲ ಹಾಳೆ ಹರಿದುಹೋಗಿದೆ.

ಬೇಕಾದಷ್ಟು ಕೇಳಿ, ಬರೆಯುತ್ತೇನೆ. ಹೆಸರು ಮಾತ್ರ ಎಲ್ಲಿಯೂ ಬರಬಾರದು.

ಸೈದಪ್ಪ


ಡೊಂಬಿವಲಿ
೬ ಡಿಸೆಂಬರ್ ೧೯೮೨

ಸೈದಪ್ಪನವರೇ,

ಕುಣಿಯಬೇಕು ಅನ್ನಿಸುತ್ತಿದೆ, ಆದರೆ ನಮ್ಮ ಎರಡು ಖೋಲಿಯ ಮನೆಯಲ್ಲಿ ಕುಣಿದರೆ ಪಾತ್ರೆ ಬೀಳುತ್ತವೆ. ನಿಮ್ಮ ಆರು ಪತ್ರ, ಹದಿನಾಲ್ಕು ಪುಸ್ತಕ, ಮೂವತ್ತೊಂದು ಗುರುತು ಎಲ್ಲ ಸೇರಿ ನನ್ನ ಮೂರನೇ ಅಧ್ಯಾಯ ಆಯಿತು. ‘ಒಬ್ಬ ಬಾಹ್ಯ ವಿದ್ಯಾರ್ಥಿಯ ಓದು’ ಎಂದು ಹೆಸರಿಟ್ಟೆ. ನೋಡಿ, ನಿಮ್ಮ ಹೆಸರಿಲ್ಲ.

ಶುಕ್ರವಾರ ಅದನ್ನು ಕ್ಲಾಸಿನಲ್ಲಿ ಓದಿದೆ. ನೀಲಗಂಗಾ ಮೇಡಂ ಎಲ್ಲಕ್ಕಿಂತ ಮೆಚ್ಚಿದ್ದು ಕೊಡೆಯ ಭಾಗವನ್ನು. ನೆನಪಿದೆಯೇ? ೧೫೬ನೇ ನಂಬರು, ಪುಟ ೪೦. ‘ಸಂಜೆ ಪೋಸ್ಟ್‌ಮಾಸ್ತರರು ಕೊಡೆ ಮಡಚಿ ಒಳಗಿಟ್ಟರು.’ ಎಲ್ಲ ಗುರುತುಗಳ ಪಕ್ಕದಲ್ಲೂ ನೀವು ಇನ್ನೊಂದು ಪುಸ್ತಕದ ನಂಬರು ಬರೆದಿದ್ದೀರಿ. ಇದರ ಪಕ್ಕದಲ್ಲಿ ಮಾತ್ರ ಬರೀ ಗೆರೆ. ಒಂದು ವಾರ ನಾನು ಸರಿಯಾಗಿ ನಿದ್ದೆ ಮಾಡಲಿಲ್ಲ. ಕೊನೆಗೆ ಹೊಳೆಯಿತು. ಕೊಡೆ ಮಡಚುವುದೆಂದರೆ ಲೋಕದ ಜೊತೆಗಿನ ವ್ಯವಹಾರ ಮಡಚುವುದು. ಅಂಥ ಒಂಟಿತನಕ್ಕೆ ಇನ್ನೊಂದು ಪುಸ್ತಕದಲ್ಲಿ ಜೋಡಿ ಸಿಗುವುದಿಲ್ಲ, ಅದಕ್ಕೇ ನೀವು ಆ ಜಾಗ ಖಾಲಿ ಬಿಟ್ಟಿರಿ. ಇದರ ಮೇಲೆ ಹನ್ನೊಂದು ಪುಟ ಬರೆದಿದ್ದೇನೆ!

ಇನ್ನೊಂದು ಸಂತೋಷದ ಸುದ್ದಿ. ನಿನ್ನೆ ಭಾನುವಾರ ರಾಯರು ಒಳ್ಳೆಯ ಮನಸ್ಸಿನಲ್ಲಿದ್ದರು. ತಡೆಯಲಾಗದೆ ಹೇಳಿಬಿಟ್ಟೆ, ನಿಮ್ಮ ಸದಸ್ಯ ನಲವತ್ತೇಳು ಇಡೀ ವಿಶ್ವವಿದ್ಯಾಲಯದಲ್ಲಿ ಇಲ್ಲದಂಥ ಓದುಗ ಎಂದು. ಗುರುತುಗಳನ್ನೂ ತೋರಿಸಿದೆ. ರಾಯರು ಒಂದೊಂದನ್ನೂ ಬಹಳ ಹೊತ್ತು ನೋಡಿದರು. ಅವರಿಗೂ ಹೆಮ್ಮೆಯಾಗಿರಬೇಕು.

ಜಯಲತಾ


ಡೊಂಬಿವಲಿ
೧೦ ಜನವರಿ ೧೯೮೩

ಸೈದಪ್ಪನವರೇ,

ಇದು ಮೂರನೇ ಪತ್ರ. ಹಿಂದಿನ ಎರಡು ಕಾರ್ಡುಗಳಿಗೂ ಉತ್ತರವಿಲ್ಲ. ಹೊಸ ವರ್ಷಕ್ಕಾದರೂ ಎರಡು ಸಾಲು ಬರುತ್ತದೆ ಎಂದು ಕಾದೆ. ನಮ್ಮ ಅಮ್ಮ ಅಂಚೆಯವನಿಗೇ ಕೇಳಿದರು, ಏನಪ್ಪಾ, ಶಹಾಡಿನ ಕಾಗದ ಬರುವುದು ನಿಂತಿತೇ ಎಂದು.

ನಿಮಗೆ ಕೋಪ ಬಂದಿದೆ. ನಿಮ್ಮ ಓದನ್ನು ನನ್ನ ಅಧ್ಯಾಯ ಮಾಡಿಕೊಂಡೆನಲ್ಲ, ಅದಕ್ಕೆ. ಬರಬೇಕಾದದ್ದೇ. ಕೋಪವಿದ್ದರೆ ಬೈದು ಬರೆಯಿರಿ. ಸುಮ್ಮನಿರುವುದು ನನಗೆ ಸಹಿಸಲಾಗುವುದಿಲ್ಲ, ಬೇಜಾರಾಗುತ್ತದೆ.

ಜಯಲತಾ


ಶಹಾಡ್
೧೮ ಜನವರಿ ೧೯೮೩

ಜಯಲತಾ ತಂಗಿಗೆ,

ಕೋಪವಿಲ್ಲ. ಬರೆಯಲು ನಾಚಿಕೆಯಿತ್ತು, ಅಷ್ಟೇ. ನಾನು ಬರೆಯದಿದ್ದರೆ ನಿಮ್ಮ ಪ್ರಬಂಧ ಸುಖವಾಗಿ ಮುಗಿಯುತ್ತದೆ ಎಂದುಕೊಂಡೆ. ಆದರೆ ನೀವು ಬೇರೆಯೇ ತಿಳಿದುಕೊಂಡಿದ್ದೀರಿ. ಆದ್ದರಿಂದ ಎಲ್ಲವನ್ನೂ ಹೇಳುತ್ತೇನೆ.

ಡಿಸೆಂಬರ್ ಹತ್ತರಂದು ಸಂಘದ ಲೆಟರ್‌ಹೆಡ್ಡಿನಲ್ಲಿ ಇನ್ನೊಂದು ಪತ್ರ ಬಂತು. ಈ ಸಲ ಬರೆದವರು ರಾಯರೇ. ಗುರುತು ಹಾಕಿದ್ದಕ್ಕೆ ಸದಸ್ಯತ್ವ ರದ್ದು, ಕೈಯಲ್ಲಿರುವ ಪುಸ್ತಕವನ್ನು ಕೂಡಲೇ ಹಿಂದಿರುಗಿಸಬೇಕು. ಹಿಂದಿರುಗಿಸಿದೆ. ನೀವು ಪ್ರೀತಿಯಿಂದ ಹೇಳಿದ್ದು ಅಂತ ನನಗೆ ಗೊತ್ತು, ಬೇಸರ ಮಾಡಿಕೊಳ್ಳಬೇಡಿ.

ಇನ್ನೊಂದು ಇದಕ್ಕಿಂತ ದೊಡ್ಡದು. ನಾನು ಯಾವ ಕಾಲೇಜಿನವನೂ ಅಲ್ಲ. ಯಾದಗಿರಿಯಲ್ಲಿ ಹತ್ತನೇ ಇಯತ್ತೆ, ಅಲ್ಲಿಂದ ಶಹಾಡಿನ ನೂಲಿನ ಕಾರ್ಖಾನೆ. ಗುರುತು ಹಾಕುವ ಕೈ ನನ್ನದು, ಜೋಡಿಸುವ ತಲೆ ನನ್ನದಲ್ಲ. ಅದು ಚಂದವ್ವ ಕಾಕಿಯದು. ಆಕೆಗೆ ಓದು ಬರಹ ಬರುವುದಿಲ್ಲ.

ಕಾಕಿ ನಮ್ಮ ಚಾಳಿನಲ್ಲಿ ಖಾನಾವಳಿ ನಡೆಸುತ್ತಾಳೆ. ಕಲಬುರ್ಗಿ, ರಾಯಚೂರು, ಬಿಜಾಪುರ ಕಡೆಯ ಇಪ್ಪತ್ತು ಮಂದಿ ಅಲ್ಲಿ ಉಣ್ಣುತ್ತೇವೆ. ಫಸ್ಟ್ ಶಿಫ್ಟ್ ಮುಗಿಸಿ ನಾಲ್ಕು ಗಂಟೆಗೆ ಬಂದು, ಆಕೆ ಜೋಳದ ರೊಟ್ಟಿ ಬಡಿಯುವಾಗ ನಾನು ಬಾಗಿಲಲ್ಲಿ ಕೂತು ಗಟ್ಟಿಯಾಗಿ ಓದುತ್ತೇನೆ. ನಾಲ್ಕು ವರ್ಷದಿಂದ ಹೀಗೇ. ರೊಟ್ಟಿ ಬಡಿಯುವ ಸದ್ದು ಒಂದೇ ಸಮ ನಡೆದಿರುತ್ತದೆ. ಏನಾದರೂ ಮನಸ್ಸಿಗೆ ತಾಗಿದರೆ ಸದ್ದು ನಿಲ್ಲುತ್ತದೆ. ಆಗ ನಾನು ಗೆರೆ ಎಳೆಯುತ್ತೇನೆ. ಸ್ವಲ್ಪ ಹೊತ್ತಿಗೆ ಕಾಕಿ, “ಅಕಿ ಕೊಡ ತುಂಬಿಸಿಟ್ಟು ಹೋದಳಲ್ಲಾ ಸೊಸಿ, ಈ ಮುದ್ಯಾನೂ ಅಕೀ ಹಂಗೇ ನೋಡು” ಅನ್ನುತ್ತಾಳೆ. ನಾನು ಆ ಪುಸ್ತಕದ ನಂಬರು ಹುಡುಕಿ ಗೆರೆಯ ಪಕ್ಕದಲ್ಲಿ ಬರೆಯುತ್ತೇನೆ. ಅಷ್ಟೇ ನನ್ನ ಪಾಂಡಿತ್ಯ.

ಈಗ ಕೊಡೆಯ ವಿಷಯ. ಹೇಳದೆ ಇರಲು ಬಹಳ ಪ್ರಯತ್ನ ಮಾಡಿದೆ. ಅವತ್ತು ಪೋಸ್ಟ್‌ಮಾಸ್ತರ ಕೊಡೆ ಮಡಚಿದಾಗ ಸದ್ದು ನಿಂತದ್ದು ಖರೆ. ನಾನು ಗೆರೆ ಎಳೆದೆ. ತಲೆ ಎತ್ತಿದರೆ ಕಾಕಿ ಇಲ್ಲ. ಹಿಟ್ಟು ತೀರಿತ್ತು, ಹಿಂದಿನ ಬಾಗಿಲಿನಿಂದ ಗಿರಣಿಗೆ ಹೋಗಿದ್ದಳು. ಆ ಗೆರೆ ಅಳಿಸುವುದು ನನಗೆ ಮರೆತುಹೋಯಿತು.

ಹನ್ನೊಂದು ಪುಟ! ನಿಮಗೆ ಹೇಗೆ ಹೇಳಲಿ ಎಂದು ತಿಳಿಯದೆ ಒಂದು ತಿಂಗಳು ಕೂತೆ.

ಇಲ್ಲಿ ಈಗ ಓದು ನಿಂತಿದೆ. ನಾವು ೨೦೩ನೇ ನಂಬರಿನ ಕಾದಂಬರಿಯ ೧೧೨ನೇ ಪುಟದಲ್ಲಿದ್ದೆವು. ಹುಡುಗಿ ಸ್ಟೇಷನ್ನಿನಲ್ಲಿ ನಿಂತಿದ್ದಾಳೆ, ಒಂದು ಗಾಡಿ ತವರಿಗೆ, ಒಂದು ಗಾಡಿ ಕೆಲಸದ ಊರಿಗೆ. ಪುಸ್ತಕ ಹಿಂದಿರುಗಿಸಿಬಿಟ್ಟೆ. ಆರು ವಾರದಿಂದ ಆಕೆ ಪ್ಲಾಟ್‌ಫಾರಂ ಮೇಲೇ ನಿಂತಿದ್ದಾಳೆ. ಊಟಕ್ಕೆ ಬಂದವರೆಲ್ಲ ತಮಗೆ ತಿಳಿದಂತೆ ಅವಳನ್ನು ಗಾಡಿ ಹತ್ತಿಸುತ್ತಿದ್ದಾರೆ. ಲೋಡಿಂಗ್ ಕೆಲಸದ ಯಂಕಪ್ಪ ನಾಟಕದ ರಾಜನನ್ನು ಕರೆತಂದು ಅವಳ ಜೊತೆ ಮದುವೆ ಮಾಡಿಸಿದ. ಸಿದ್ರಾಮ ಅದಕ್ಕೆ ಒಪ್ಪದೆ ಅರ್ಧ ರೊಟ್ಟಿ ಬಿಟ್ಟು ಎದ್ದುಹೋದ. ಕಾಕಿ ಮಾತ್ರ ದಿನಾ ನಾಲ್ಕಕ್ಕೆ ನನ್ನ ಕೈ ನೋಡುತ್ತಾಳೆ, ಖಾಲಿ ಇರುತ್ತದೆ.

ನಿಮ್ಮ ಅಣ್ಣ,
ಸೈದಪ್ಪ


ಡೊಂಬಿವಲಿ
೨೯ ಜನವರಿ ೧೯೮೩

ಸೈದಪ್ಪಣ್ಣ,

ಮೊದಲು ಅತ್ತೆ. ನನ್ನ ಬಾಯಿಯಿಂದಲೇ ಕಾಕಿಯ ಓದು ನಿಂತಿತು. ಹೆಸರು ಹೇಳಬೇಡಿ ಎಂದು ನೀವು ಬರೆದಿದ್ದಿರಿ, ನಾನು ಕಾಗದದಲ್ಲಿ ಮಾತ್ರ ಪಾಲಿಸಿದೆ. ಆಮೇಲೆ ಗಿರಣಿಯ ಸಾಲು ಮತ್ತೆ ಓದಿದೆ, ನಗು ತಡೆಯಲಾಗಲಿಲ್ಲ. ಅಳುತ್ತ ನಗುತ್ತ ಇದ್ದವಳನ್ನು ನೋಡಿ ಅಮ್ಮ ಹಣೆ ಮುಟ್ಟಿ ಜ್ವರ ನೋಡಿದರು.

ಮರುದಿನ ಮೇಡಂ ಕೊಠಡಿಗೆ ಹೋಗಿ ಎಲ್ಲ ಒಪ್ಪಿಕೊಂಡೆ. ಬಾಹ್ಯ ವಿದ್ಯಾರ್ಥಿ ಎಂಬವನು ಇಲ್ಲ, ಓದುವಾಕೆಗೆ ಅಕ್ಷರ ಬರುವುದಿಲ್ಲ, ನೀವು ಮೆಚ್ಚಿದ ಕೊಡೆಯ ಕೆಳಗೆ ಇದ್ದದ್ದು ಹಿಟ್ಟಿನ ಡಬ್ಬಿ ಎಂದೆ. ಪ್ರಬಂಧದ ಹೆಸರು ವಿಶ್ವವಿದ್ಯಾಲಯದಲ್ಲಿ ನೋಂದಣಿಯಾಗಿದೆ, ವಿದ್ಯಾರ್ಥಿಗಳ ಬಗ್ಗೆಯೇ ಇರಬೇಕು. ಹಾಗಾಗಿ ಮೂರನೇ ಅಧ್ಯಾಯ ಹರಿದು ಹಾಕುತ್ತೇನೆ ಎಂದೆ.

ಮೇಡಂ ಕನ್ನಡಕ ತೆಗೆದು ಒರೆಸಿಕೊಂಡರು. “ಹರೀಬ್ಯಾಡ. ಆ ಹನ್ನೊಂದು ಪುಟಾನೂ ಇರಲಿ, ಅದರ ಕೆಳಗ ಹಿಟ್ಟು ತೀರಿದ್ದನ್ನೂ ಬರಿ. ವಿಶ್ವವಿದ್ಯಾಲಯದ ವಿದ್ಯಾರ್ಥಿ ಹ್ಯಾಂಗ ಓದ್ತಾಳ ಅನ್ನೋದಕ್ಕ ಇದಕ್ಕಿಂತ ಛಲೋ ಪುರಾವೆ ಎಲ್ಲಿ ಸಿಗತದ? ನಾನೂ ಮೆಚ್ಚಿದೆ ಅಂತನೂ ಬರಿ. ಒಬ್ಬಾಕಿನೇ ಯಾಕ ನಗಿಸಿಕೋತಿ?” ಎಂದರು. ಆಮೇಲೆ ಬಾಗಿಲು ಮುಚ್ಚಿ ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಅವರು ಖಡಕ್ ಎಂದು ಬರೆದಿದ್ದೆನಲ್ಲ, ಅದನ್ನು ಹಿಂತೆಗೆದುಕೊಳ್ಳುತ್ತೇನೆ.

ಪ್ರಬಂಧದ ಮಾತು ಸಾಕು. ೨೦೩ನೇ ನಂಬರನ್ನು ನನ್ನ ಹೆಸರಿನಲ್ಲಿ ತಂದೆ. ನಿಮ್ಮ ಕೈಗೇ ಕೊಟ್ಟುಬಿಡಬಹುದಿತ್ತು, ಆದರೆ ಕಾಕಿಯ ಸದ್ದು ನಿಂತರೆ ನಿಮ್ಮ ಪೆನ್ಸಿಲ್ ಸುಮ್ಮನಿರುವುದಿಲ್ಲ ಎಂದು ನನಗೆ ಗೊತ್ತು. ಅದಕ್ಕೆ ೧೧೨ನೇ ಪುಟದಿಂದ ಕೊನೆಯವರೆಗೆ ನಕಲು ಮಾಡಿದ್ದೇನೆ. ಎಂಟು ದಿನ ಹಿಡಿಯಿತು. ಬಹುಪಾಲು ಲೋಕಲ್ಲಿನಲ್ಲೇ ಬರೆದದ್ದು, ಅಕ್ಷರ ಕುಣಿದಿದ್ದರೆ ರೈಲಿನ ತಪ್ಪು. ಈ ಕಟ್ಟಿನ ಜೊತೆ ಕಳಿಸುತ್ತಿದ್ದೇನೆ. ಕಾಗದ ನನ್ನದು, ಬೇಕಾದಷ್ಟು ಗೆರೆ ಎಳೆಯಿರಿ.

ಆ ಹುಡುಗಿಯನ್ನು ಬೇಗ ಪ್ಲಾಟ್‌ಫಾರಂ ಮೇಲಿನಿಂದ ಕಳಿಸಿಕೊಡಿ. ಸದಸ್ಯತ್ವದ ವಿಷಯ ನನಗೆ ಬಿಡಿ.

ನಿಮ್ಮ ತಂಗಿ,
ಜಯಲತಾ


ಶಹಾಡ್
೧೫ ಫೆಬ್ರವರಿ ೧೯೮೩

ಜಯಲತಾ ತಂಗಿಗೆ,

ಕಟ್ಟು ಬಂದ ದಿನ ಇಪ್ಪತ್ತು ಮಂದಿಯೂ ನಾಲ್ಕು ಗಂಟೆಗೇ ಬಂದು ಕೂತರು. ಸೆಕೆಂಡ್ ಶಿಫ್ಟಿನ ಶಿವರಾಯ ಹೊಟ್ಟೆನೋವು ಎಂದು ರಜೆ ಹಾಕಿ ಬಂದ. ಮೂರು ದಿನ ಓದಿದೆ. ಹುಡುಗಿ ಕೆಲಸದ ಊರಿನ ಗಾಡಿ ಹತ್ತಿದಳು. ಯಂಕಪ್ಪನ ಮುಖ ಸಣ್ಣದಾಯಿತು, ರಾಜ ಬರಲೇ ಇಲ್ಲವಲ್ಲ ಎಂದು.

ಗಾಡಿ ಹತ್ತುವ ಮೊದಲು ಅವಳು ತನ್ನ ಬುತ್ತಿಯನ್ನು ಪಕ್ಕದ ಅಪರಿಚಿತ ಹೆಂಗಸಿಗೆ ಕೊಡುತ್ತಾಳಲ್ಲ, ಅಲ್ಲಿ ಸದ್ದು ನಿಂತಿತು. ಈ ಸಲ ನಾನು ಎದ್ದು ನೋಡಿದೆ. ಕಾಕಿ ಅಲ್ಲೇ ಇದ್ದಳು, ಹಿಟ್ಟೂ ಇತ್ತು. ಸೊಸೆ, ಮುದುಕ, ರಾಜ, ಈ ಹುಡುಗಿ, ನಾಲ್ವರನ್ನೂ ಹೆಸರು ಹಿಡಿದು ಕರೆದಂತೆ ಎಣಿಸಿದಳು. ಆಮೇಲೆ, “ನಾನೂ ಊರು ಬಿಡೋ ದಿನ ನೆರೆಮನಿ ಎಮ್ಮಿ ಹಿಂಡಿಕೊಟ್ಟು ಬಂದೀನಿ. ಯಾಕಂತ ಅವತ್ತು ತಿಳೀಲಿಲ್ಲ” ಎಂದಳು. ನಾಲ್ಕು ವರ್ಷದಲ್ಲಿ ತನ್ನ ಮಾತು ಅವಳು ಹೇಳಿದ್ದು ಅದೇ ಮೊದಲು.

ಇನ್ನೊಂದು. ನಿಮ್ಮ ಹಾಳೆಗಳನ್ನು ಕಾಕಿ ಕೈಯಲ್ಲಿ ಹಿಡಿದು ನೋಡಿದಳು. ೧೩೧ನೇ ಪುಟದಲ್ಲಿ, ತಾಯಿಯ ಪತ್ರ ಬರುವಲ್ಲಿ, ಶಾಯಿ ಹರಡಿದೆ. “ಇಲ್ಲಿ ನಿಂತಾಳ ಹುಡುಗಿ. ಅತ್ತಾಳ” ಎಂದಳು. ಯಾಕೆ ಅತ್ತೆ ಎಂದು ಕೇಳಿ ಬರೆ ಎಂದಿದ್ದಾಳೆ.

ಸೈದಪ್ಪ


ಡೊಂಬಿವಲಿ
೩೦ ಮಾರ್ಚ್ ೧೯೮೩

ಸೈದಪ್ಪಣ್ಣ,

೧೩೧ನೇ ಪುಟದಲ್ಲಿ ನಾನು ಅಳಲಿಲ್ಲ. ಕುರ್ಲಾ ಸ್ಟೇಷನ್ನಿನಲ್ಲಿ ಚಹಾ ಚೆಲ್ಲಿತು. ಕಾಕಿಗೆ ಹೇಳಿ, ಅವರ ಗಿರಣಿಗೆ ನನ್ನ ಚಹಾ ಸರಿಹೋಯಿತು. ನಿಜವಾಗಿ ಅತ್ತದ್ದು ೧೨೦ರಲ್ಲಿ, ಆ ಹುಡುಗಿ ಮನೆಗೆ ಕಾಗದವನ್ನೇ ಬರೆಯದೆ ಇರುವಲ್ಲಿ. ಅಲ್ಲಿ ಹಾಳೆ ಒಣಗಿಯೇ ಇದೆ. ನಮ್ಮಮ್ಮನೂ ಮದುವೆಯಾಗಿ ಈ ಊರಿಗೆ ಬಂದ ವರ್ಷ ಯಾರಿಗೂ ಕಾಗದ ಬರೆಯಲಿಲ್ಲವಂತೆ, ಯಾಕೆಂದು ನಾನು ಕೇಳಿದ್ದೇ ಇಲ್ಲ. ಆ ದಿನ ಮನೆಗೆ ಹೋಗಿ ಕೇಳಿದೆ. ಅಮ್ಮ ತುಳುವಿನಲ್ಲಿ ಎರಡು ಗಂಟೆ ಹೇಳಿದರು, ಅನ್ನ ಹೊತ್ತಿಹೋಯಿತು.

ಈಗ ರಾಯರ ಕಥೆ. ಪ್ರಬಂಧ ಟೈಪಾಗಿ ಬಂತು. ಒಂದು ಪ್ರತಿ ಚೀಲದಲ್ಲಿ ಹಾಕಿಕೊಂಡು, ಜಗಳ ಕಾಯಲು ಸಿದ್ಧಳಾಗಿ ಮೊನ್ನೆ ಭಾನುವಾರ ಹೋದೆ. ದಾರಿಯುದ್ದಕ್ಕೂ ಮಾತು ಬಾಯಿಪಾಠ ಮಾಡಿದ್ದೆ. ರಾಯರು ಮೇಜಿನ ಮುಂದೆ ಕೂತಿದ್ದರು. ಪಕ್ಕದಲ್ಲಿ ರಬ್ಬರು, ಮುಂದೆ ನಾಲ್ಕು ಪುಸ್ತಕ ತೆರೆದು ಬಿದ್ದಿವೆ. ನಿಮ್ಮ ಗುರುತುಗಳನ್ನೆಲ್ಲ ಅಳಿಸಬೇಕೆಂದು ಡಿಸೆಂಬರಿನಲ್ಲಿ ಶುರುಮಾಡಿದರಂತೆ. ಒಂದು ಗುರುತು ಅಳಿಸಬೇಕಾದರೆ, ಅದು ಹೇಳುವ ಇನ್ನೊಂದು ಪುಸ್ತಕದಲ್ಲೂ ಗುರುತು ಇದೆಯೇ ಎಂದು ನೋಡಬೇಕಲ್ಲ? ೨೧೪ರಿಂದ ೧೧೮ಕ್ಕೆ ಹೋದರು, ೧೧೮ರಿಂದ ೭೭ಕ್ಕೆ. ನೋಡುತ್ತ ನೋಡುತ್ತ ಓದತೊಡಗಿದರು. ಐದನೆಯ ಗುರುತಿನ ಹೊತ್ತಿಗೆ ರಬ್ಬರು ಕೆಳಗಿಟ್ಟರಂತೆ.

“ಇಪ್ಪತ್ತೆರಡು ವರ್ಷದಿಂದ ಈ ಪುಸ್ತಕಗಳಿಗೆ ರಟ್ಟು ಹಾಕಿಸಿದ್ದೇನೆ, ನಂಬರು ಹಾಕಿದ್ದೇನೆ. ಒಂದು ಇನ್ನೊಂದರ ಜೊತೆ ಮಾತಾಡುತ್ತದೆ ಎಂದು ಗೊತ್ತೇ ಇರಲಿಲ್ಲ ಮಾರಾಯ್ತಿ” ಎಂದರು. ನನ್ನ ಬಾಯಿಪಾಠವೆಲ್ಲ ಮರೆತುಹೋಯಿತು.

ಆಮೇಲೆ ಗುಟ್ಟು ಹೇಳುವವರಂತೆ ಹತ್ತಿರ ಬಂದು, “ಎಲ್ಲ ಅರ್ಥವಾಯಿತು, ಆ ಕೊಡ ಅಲ್ಲ, ಕೊಡೆ. ಅದಕ್ಕೆ ಮಾತ್ರ ಜೋಡಿ ಬರೆದಿಲ್ಲ. ಎರಡು ತಿಂಗಳಿಂದ ಯೋಚಿಸುತ್ತಿದ್ದೇನೆ. ಪೋಸ್ಟ್‌ಮಾಸ್ತರ ಸಾಯುತ್ತಾನೆ ಎಂಬುದರ ಸೂಚನೆ ಇರಬಹುದೇ?” ಎಂದು ಕೇಳಿದರು. ಹಿಟ್ಟು ತೀರಿದ್ದನ್ನು ಹೇಳಿದೆ. ರಾಯರು ನಗಲಿಲ್ಲ. ಆಮೇಲೆ ೧೫೬ನೇ ನಂಬರು ತೆಗೆದು ೪೦ನೇ ಪುಟದ ಗೆರೆಯನ್ನು ರಬ್ಬರಿನಿಂದ ನೀಟಾಗಿ ಅಳಿಸಿ, “ಇದೊಂದು ಅಳಿಸಬಹುದಲ್ಲ?” ಎಂದರು.

ಕಾಕಿ, ಖಾನಾವಳಿ, ಎಲ್ಲವನ್ನೂ ಕೇಳಿದರು. ನಿಯಮ ನಿಯಮವೇ, ಸೈದಪ್ಪನ ಸದಸ್ಯತ್ವ ಹಿಂದೆ ಬರುವುದಿಲ್ಲ ಎಂದರು. ನಾನು ಪ್ರಬಂಧವನ್ನು ಮೇಜಿನ ಮೇಲೆ ಕುಕ್ಕಿ ಎದ್ದು ಬಂದೆ. ಅಣ್ಣ, ಸೋತೆ. ಮೌಖಿಕ ಪರೀಕ್ಷೆ ಮುಗಿದ ಮೇಲೆ ಮತ್ತೆ ಹೋಗುತ್ತೇನೆ, ಬಿಡುವುದಿಲ್ಲ.

ಜಯಲತಾ


ಶಹಾಡ್
೮ ಮೇ ೧೯೮೩

ಮಗಳು ಜಯಲತಾಗ ಚಂದವ್ವ ಹೇಳಿ ಬರಸೂದು.

ಸೈದಪ್ಪ ಬರೀಲತ್ತಾನ. ನಾ ಹೇಳಿದ್ದು ಹೇಳಿದಂಗ ಬರಿ, ನಿನ್ನ ಶ್ಯಾಣ್ಯಾತನ ಹಚ್ಚಬ್ಯಾಡ ಅಂತ ಹೇಳೀನಿ. ನಿನ್ನ ಪರೀಕ್ಷಾ ಛಲೋ ಆತಂತ, ಮ್ಯಾಲಿನ ನಂಬರ ಬಂತಂತ ಕೇಳಿ ಮಂದಿಗೆಲ್ಲ ಹೋಳಿಗಿ ಮಾಡಿ ಹಾಕೀನಿ. ನೀ ಚಹಾ ಚೆಲ್ಲಿದ್ದು ಕೇಳಿ ನಕ್ಕೀನಿ. ನಾನೂ ತಪ್ತೀನಿ ತಗೋ.

ಹೋದ ಐತವಾರ ನಿಮ್ಮ ರಾಯರು ಬಂದಿದ್ರು. ಬಿಸಲಾಗ ಶಹಾಡ್ ಟೇಸನ್‌ದಿಂದ ನಡಕೋತ ಬಂದಾರ, ಬಗಲಾಗ ನೀ ಬರೆದ ಬುಕ್ಕ. ಇವರ್ಯಾರೋ ಕಂಪನಿ ಸಾಹೇಬರು ಅಂತ ಯಂಕಪ್ಪ ಹಿಂದಿನ ಬಾಗಲದಿಂದ ಓಡಿಹೋದ. ಕೂಡ್ರಿ ಅಂದೆ, ರೊಟ್ಟಿ ಹಾಕಿದೆ. ಮೂರು ರೊಟ್ಟಿ ಉಂಡ್ರು, ಪುಂಡಿಪಲ್ಯ ಎರಡು ಸಲ ಹಾಕಿಸಿಕೊಂಡ್ರು. ಆಮ್ಯಾಲ ಕಿಸೇದಾಗಿಂದ ಒಂದು ಕಾಗದ ತಗದು, “ಸೈದಪ್ಪಂದು ರದ್ದು ಆಗಿದ್ದು ಆತು. ನಿಮ್ಮದು ಎಲ್ಲಿ ರದ್ದಾಗ್ಯದ? ನಿಮ್ಮದು ಇನ್ನೂ ಆಗೇ ಇಲ್ಲ” ಅಂದ್ರು. ನನಗ ತಿಳೀಲಿಲ್ಲ. ಸೈದಪ್ಪಗ ತಿಳೀತು, ಅವನ ಕಣ್ಣಾಗ ನೀರು ಬಂತು. ಇದು ಬರಿಯಲ್ಲ ಅಂತಾನ, ಬರಿ ಅಂದೀನಿ.

“ಓದಲಿಕ್ಕೆ ಬರ್ತದೇನ್ರಿ?” ಅಂತ ಕೇಳಿದ್ರು, ಕಾಗದದಾಗ ಹಂಗ ಕೇಳ್ಯಾರಂತ. “ಕೇಳಲಿಕ್ಕ ಬರ್ತದ” ಅಂದೆ. ಅವರು ಪೆನ್ನಿನ ಟೊಪ್ಪಿಗಿ ತಗದ್ರು, ಹಾಕಿದ್ರು, ಮತ್ತ ತಗದ್ರು. ಆಮ್ಯಾಲ ಬರ್ತದ ಅಂತ ಬರದ್ರು. ಸಹಿ ಜಾಗದಾಗ ನಾ ಹೆಬ್ಬಟ್ಟು ಒತ್ತೀನಿ. ಬುಕ್ಕಿನ್ಯಾಗ ಗೆರಿ ಹಾಕಬ್ಯಾಡ್ರಿ, ಚೀಟಿ ಬರದು ಒಳಗ ಇಡ್ರಿ, ನಾನೂ ಓದ್ತೀನಿ ಅಂತ ಹೇಳಿ, ಒಂದು ಗಂಟು ಚೀಟಿ ಕೊಟ್ಟು ಹೋದ್ರು.

ನಿನ್ನಿ ಕಲ್ಯಾಣಕ್ಕ ಹೋಗಿದ್ದೆ. ಅಷ್ಟು ಬುಕ್ಕ ಒಂದೇ ಕಡಿ ನಾ ಎಂದೂ ನೋಡಿದ್ದಿಲ್ಲ. ಯಾವುದು ಕೊಡಲಿ ಅಂದ್ರು ರಾಯರು. ದಪ್ಪಂದು ಕೊಡ್ರಿ, ಮಳಿಗಾಲ ಪೂರಾ ಬರಬೇಕು ಅಂದೆ. ಎರಡೂ ಕೈಲೆ ಎತ್ತಿ ಕೊಟ್ಟಾರ. ಬರೋವಾಗ ಗಾಡ್ಯಾಗ ಸೀಟ ಸಿಕ್ಕಿತ್ತು, ತೊಡಿ ಮ್ಯಾಲ ಇಟ್ಟುಕೊಂಡು ಕೂತಿದ್ದೆ. ಬಾಜೂಕಿನ ಹೆಂಗಸು “ಆಜೀ, ಕಾಯ್ ವಾಚತಾ?” ಅಂತ ಕೇಳಿದಳು. ಏನ ಓದ್ತಿ ಅಂತ ನನಗ ಯಾರೂ ಕೇಳಿದ್ದಿಲ್ಲ ಇಲ್ಲೀತನಕ. ಭಾಳ ಖುಷಿ ಆತು ನನಗ.

ಆದ್ರ ಒಂದು ತೊಂದರಿ ಅದ. ಈ ಸೈದಪ್ಪ ಎಲ್ಲರಿಗೂ ಒಂದೇ ದನಿ ಹಚ್ಚತಾನ. ರಾಜಾನೂ ಹಂಗೇ, ಸೊಸಿನೂ ಹಂಗೇ, ಮುದುಕನೂ ಹಂಗೇ. ಬುಕ್ಕ ಇನ್ನೂ ತೆರದಿಲ್ಲ, ನಿನಗಂತ ಇಟ್ಟೀನಿ. ಬರೋ ಐತವಾರ ನಾಲ್ಕಕ್ಕ ಬಾ, ನಿಮ್ಮವ್ವಗೂ ಕರಕೊಂಡು ಬಾ. ಬಿಸಿ ರೊಟ್ಟಿ ಹಾಕ್ತೀನಿ, ನೀ ಓದು. ಓದ್ತಾ ಓದ್ತಾ ನೀ ಎಲ್ಲಿ ನಿಲ್ತಿ, ಅದು ನಾ ನೋಡಬೇಕು.

ಚಂದವ್ವ
ಸದಸ್ಯ ಸಂಖ್ಯೆ ೯೩